ಅಮೆರಿಕದ ಅಂಗವೈಕಲ್ಯ ಭತ್ಯೆ ಮತ್ತು ಮದುವೆ: ಮುಹೂರ್ತ ಇಡುವ ಮೊದಲು ಹಾಕಬೇಕಾದ ಲೆಕ್ಕ

ಪರಿಚಯದ ಒಬ್ಬ ತಾಯಿ ಮಗಳ ಮದುವೆಯಾಗಿ ಐದು ತಿಂಗಳಾದ ಮೇಲೆ ಒಂದು ಕಾಗದ ಹಿಡಿದುಕೊಂಡು ಬಂದರು. ಮಗಳಿಗೆ ಹುಟ್ಟಿನಿಂದಲೇ ಅಂಗವೈಕಲ್ಯ. ಪ್ರತಿ ತಿಂಗಳು ಬರುತ್ತಿದ್ದ ಹಣ ಇನ್ನು ಬರುವುದಿಲ್ಲ, ಐದು ತಿಂಗಳು ಬಂದದ್ದನ್ನೂ ವಾಪಸ್ ಕಟ್ಟಬೇಕು ಅಂತ ಅದರಲ್ಲಿ ಬರೆದಿತ್ತು. "ಮದುವೆಗೆ ಮುಂಚೆ ಫೋನ್ ಮಾಡಿ ಕೇಳಿದ್ದೆ. ಡಿಸೆಬಿಲಿಟಿಗೂ ಮದುವೆಗೂ ಸಂಬಂಧ ಇಲ್ಲ ಅಂದಿದ್ರು" ಅಂದರು.

ಅವರಿಗೆ ಸಿಕ್ಕ ಉತ್ತರ ತಪ್ಪಲ್ಲ. ಆದರೆ ಅದು ಬೇರೆ ಭತ್ಯೆಗೆ ಸೇರಿದ ಉತ್ತರ. ಅಮೆರಿಕದಲ್ಲಿ ನಾವೆಲ್ಲ "ಡಿಸೆಬಿಲಿಟಿ" ಅಂತ ಒಂದೇ ಹೆಸರಲ್ಲಿ ಕರೆಯುವ ಹಣ ನಿಜವಾಗಿ ಮೂರ್ನಾಲ್ಕು ಬೇರೆ ಬೇರೆ ಭತ್ಯೆ. ಮದುವೆಯಾದರೆ ಒಂದಕ್ಕೆ ಏನೂ ಆಗುವುದಿಲ್ಲ. ಇನ್ನೊಂದು ಕಡಿಮೆಯಾಗುತ್ತದೆ. ಮತ್ತೊಂದು ಪೂರ್ತಿ ನಿಂತುಹೋಗುತ್ತದೆ, ಆಮೇಲೆ ವಿಚ್ಛೇದನ ಆದರೂ ವಾಪಸ್ ಬರುವುದಿಲ್ಲ. ಹಾಗಾಗಿ ಛತ್ರ ಬುಕ್ ಮಾಡುವ ಮೊದಲು ಈ ಲೆಕ್ಕ ಮುಗಿಸಿಕೊಳ್ಳಿ. ಇಲ್ಲಿ ಕೊಟ್ಟಿರುವ ಭತ್ಯೆಯ ಮೊತ್ತಗಳು 2026ರವು. ಅವು ಪ್ರತಿ ಜನವರಿಯಲ್ಲಿ ಸ್ವಲ್ಪ ಬದಲಾಗುತ್ತವೆ, ಲೆಕ್ಕದ ದಾರಿ ಮಾತ್ರ ಹಾಗೇ ಇರುತ್ತದೆ.

ಹಂತ 1: ಬರುತ್ತಿರುವುದು ಯಾವ ಹಣ ಅಂತ ಪತ್ತೆ ಮಾಡಿ

ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಹಣ ಜಮೆಯಾದ ಸಾಲು ನೋಡಿ. ಅಲ್ಲಿ "ಸಪ್ ಸೆಕ್" ಅಂತ ಇದ್ದರೆ ಅದು ಎಸ್‌ಎಸ್‌ಐ, ಅಂದರೆ ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್. ಆದಾಯ, ಆಸ್ತಿ ಎರಡೂ ಕಡಿಮೆ ಇರುವವರಿಗೆ ಸರ್ಕಾರ ಕೊಡುವ ಹಣ ಇದು. 1974ರ ಜನವರಿಯಲ್ಲಿ ಶುರುವಾಯಿತು. "ಸೋಕ್ ಸೆಕ್" ಅಂತ ಇದ್ದರೆ ಅದು ಸೋಶಿಯಲ್ ಸೆಕ್ಯುರಿಟಿ ಹಣ. ಯಾರೋ ಒಬ್ಬರು ಕೆಲಸ ಮಾಡಿ, ಸಂಬಳದಲ್ಲಿ ತೆರಿಗೆ ಕಟ್ಟಿ ಗಳಿಸಿದ ಹಕ್ಕು. ಆ "ಯಾರೋ ಒಬ್ಬರು" ನೀವೇನಾ, ನಿಮ್ಮ ಅಪ್ಪ ಅಮ್ಮನಾ, ತೀರಿಹೋದ ಸಂಗಾತಿಯಾ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇದನ್ನು ಹಿಡಿಯಲು ಒಂದು ಸುಲಭದ ಸುಳಿವಿದೆ. ಎಸ್‌ಎಸ್‌ಐ ಸಾಮಾನ್ಯವಾಗಿ ತಿಂಗಳ 1ನೇ ತಾರೀಕು ಬರುತ್ತದೆ. ಸೋಶಿಯಲ್ ಸೆಕ್ಯುರಿಟಿ ಹಣ ಬುಧವಾರಗಳಲ್ಲಿ ಬರುತ್ತದೆ. ಯಾವ ಬುಧವಾರ ಅನ್ನುವುದು, ಯಾರ ದುಡಿಮೆಯ ಖಾತೆಯಿಂದ ಹಣ ಬರುತ್ತಿದೆಯೋ ಅವರು ಹುಟ್ಟಿದ ತಾರೀಕನ್ನು ನೋಡಿ ನಿರ್ಧಾರವಾಗುತ್ತದೆ. 1ರಿಂದ 10ರೊಳಗೆ ಹುಟ್ಟಿದ್ದರೆ ಎರಡನೇ ಬುಧವಾರ, 11ರಿಂದ 20 ಆದರೆ ಮೂರನೇ ಬುಧವಾರ, ಆಮೇಲಿನವರಿಗೆ ನಾಲ್ಕನೇ ಬುಧವಾರ. ಈಗ ಮಗ ಹುಟ್ಟಿದ್ದು 25ಕ್ಕೆ, ಅಪ್ಪ ಹುಟ್ಟಿದ್ದು 5ಕ್ಕೆ ಅಂದುಕೊಳ್ಳಿ. ಮಗನ ಹಣ ಎರಡನೇ ಬುಧವಾರ ಬರುತ್ತಿದ್ದರೆ ಅದು ಅಪ್ಪನ ಖಾತೆಯಿಂದ ಬರುತ್ತಿರುವ ಹಣ. ಆ ತಾಯಿಯ ಮಗಳದ್ದೂ ಹೀಗೇ ಇತ್ತು. ಸ್ಟೇಟ್‌ಮೆಂಟ್ ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗಿಬಿಡುತ್ತಿತ್ತು.

ಈ ಸುಳಿವು ಎಲ್ಲರಿಗೂ ಕೆಲಸ ಮಾಡುವುದಿಲ್ಲ. ಎಸ್‌ಎಸ್‌ಐ ಜೊತೆಗೆ ಸೋಶಿಯಲ್ ಸೆಕ್ಯುರಿಟಿಯೂ ಇರುವವರಿಗೆ, 1997ರ ಮೇಗಿಂತ ಮೊದಲಿನಿಂದ ಪಡೆಯುತ್ತಿರುವವರಿಗೆ 3ನೇ ತಾರೀಕು ಬರುತ್ತದೆ. ಹಾಗಾಗಿ ಸುಳಿವನ್ನೇ ನಂಬಿ ಕೂರಬೇಡಿ. ಸೋಶಿಯಲ್ ಸೆಕ್ಯುರಿಟಿ ಕಚೇರಿಯಿಂದ ಬಿಪಿಕ್ಯೂವೈ ಅನ್ನುವ ವಿವರಪಟ್ಟಿ ಕೇಳಿ ಪಡೆಯಿರಿ. ಯಾವ ಯಾವ ಭತ್ಯೆ, ಎಷ್ಟು, ಯಾವ ಆರೋಗ್ಯ ಸೌಲಭ್ಯ ಎಲ್ಲ ಅದರಲ್ಲಿ ಬರೆದಿರುತ್ತದೆ. ಫೋನ್ 1-800-772-1213. ಮದುವೆಯಾಗುವ ಇಬ್ಬರಿಗೂ ಭತ್ಯೆ ಇದ್ದರೆ ಇಬ್ಬರದ್ದೂ ತರಿಸಿ.

ಹಂತ 2: ಎಸ್‌ಎಸ್‌ಡಿಐ ಆಗಿದ್ದರೆ

ನೀವೇ ಕೆಲಸ ಮಾಡಿ, ನಿಮ್ಮದೇ ಖಾತೆಯಿಂದ ಬರುವ ಸೋಶಿಯಲ್ ಸೆಕ್ಯುರಿಟಿ ಡಿಸೆಬಿಲಿಟಿ ಇನ್ಶೂರೆನ್ಸ್ ಇದು. ಮದುವೆಯಿಂದ ಇದು ಒಂದು ಡಾಲರ್ ಕೂಡ ಕಡಿಮೆಯಾಗುವುದಿಲ್ಲ. ಸಂಗಾತಿ ಕೋಟಿ ದುಡಿದರೂ ಅಷ್ಟೇ. ಮೆಡಿಕೇರ್, ಅಂದರೆ ಈ ಭತ್ಯೆಯ ಜೊತೆ ಸಿಗುವ ಸರ್ಕಾರಿ ಆರೋಗ್ಯ ವಿಮೆ ಕೂಡ ಹಾಗೇ ಇರುತ್ತದೆ.

ಗಮನಿಸಬೇಕಾದ್ದು ತೆರಿಗೆ ಒಂದೇ. ನಿಮ್ಮ ಇತರ ಆದಾಯಕ್ಕೆ ಎಸ್‌ಎಸ್‌ಡಿಐ ಹಣದ ಅರ್ಧ ಸೇರಿಸಬೇಕು. ಒಬ್ಬರೇ ಇದ್ದಾಗ ಆ ಮೊತ್ತ ವರ್ಷಕ್ಕೆ 25,000 ಡಾಲರ್ ದಾಟಿದರೆ ಭತ್ಯೆಯ ಒಂದು ಭಾಗಕ್ಕೆ ತೆರಿಗೆ ಬೀಳುತ್ತದೆ. ಗಂಡ ಹೆಂಡತಿ ಜಂಟಿಯಾಗಿ ಲೆಕ್ಕ ಕೊಟ್ಟರೆ ಈ ಗಡಿ 32,000. ಎರಡು ಪಟ್ಟು ಅಲ್ಲ, ನೋಡಿ. ಜಂಟಿ ಮೊತ್ತ 44,000 ದಾಟಿದರೆ ಭತ್ಯೆಯ 85% ವರೆಗೆ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. 85% ತೆರಿಗೆ ಕಟ್ಟಬೇಕು ಅಂತ ಅಲ್ಲ, ಅಷ್ಟು ಭಾಗ ಆದಾಯ ಅಂತ ಎಣಿಸುತ್ತಾರೆ ಅಷ್ಟೇ. ಒಂದೇ ಮನೆಯಲ್ಲಿದ್ದು ಬೇರೆ ಬೇರೆ ಲೆಕ್ಕ ಕೊಟ್ಟು ತಪ್ಪಿಸಿಕೊಳ್ಳೋಣ ಅಂದರೆ ಆಗ ಗಡಿ ಸೊನ್ನೆ. ಸಂಗಾತಿಗೆ ಒಳ್ಳೆ ಸಂಬಳ ಇದ್ದರೆ ಮೊದಲ ವರ್ಷವೇ ಇದಕ್ಕೆ ಸ್ವಲ್ಪ ಹಣ ತೆಗೆದಿಡಿ.

ಹಂತ 3: ಎಸ್‌ಎಸ್‌ಐ ಆಗಿದ್ದರೆ, ಕಾಗದ ಪೆನ್ನು ತೆಗೆದುಕೊಳ್ಳಿ

ಮೊದಲು ಇಬ್ಬರಿಗೂ ಎಸ್‌ಎಸ್‌ಐ ಇರುವ ಜೋಡಿ. ಬೇರೆ ಆದಾಯವೇ ಇಲ್ಲದ ಒಬ್ಬರಿಗೆ ತಿಂಗಳಿಗೆ 994 ಡಾಲರ್. ಇಬ್ಬರಿಗೆ 1,988 ಆಗಬೇಕು ಅಲ್ವಾ? ಮದುವೆಯಾದ ಜೋಡಿಗೆ ಕೊಡುವುದು 1,491 ಮಾತ್ರ, ತಲಾ 745.50. ತಿಂಗಳಿಗೆ 497 ಹೋಯಿತು, ವರ್ಷಕ್ಕೆ 5,964. ಒಂದೇ ಮನೆ, ಒಂದೇ ಒಲೆ, ಖರ್ಚು ಕಡಿಮೆ ಅನ್ನುವುದು ಇದರ ಹಿಂದಿನ ವಾದ. ಆದರೆ ಇಬ್ಬರು ಗೆಳೆಯರು ಒಂದೇ ಮನೆಯಲ್ಲಿ ಬಾಡಿಗೆ ಹಂಚಿಕೊಂಡಿದ್ದರೆ ಈ ಕಡಿತ ಇಲ್ಲ. ತಾಳಿ ಕಟ್ಟಿದರೆ ಮಾತ್ರ ಇದೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೂ ಇವತ್ತಿನ ನಿಯಮ ಇದು, ಲೆಕ್ಕ ಇದನ್ನೇ ಹಿಡಿದು ಮಾಡಬೇಕು.

ಇನ್ನು ಒಬ್ಬರಿಗೆ ಎಸ್‌ಎಸ್‌ಐ, ಇನ್ನೊಬ್ಬರಿಗೆ ಕೆಲಸ. ಇಲ್ಲಿ ಸಂಗಾತಿಯ ಆದಾಯದ ಒಂದು ಭಾಗವನ್ನು ನಿಮ್ಮದೇ ಅಂತ ಎಣಿಸುತ್ತಾರೆ. ಇದಕ್ಕೆ ಡೀಮಿಂಗ್ ಅನ್ನುತ್ತಾರೆ. ನಿಮಗೆ ಬೇರೆ ಆದಾಯ ಇಲ್ಲ, ಮಕ್ಕಳಿಲ್ಲ, ಸಂಗಾತಿಯ ಸಂಬಳ ತಿಂಗಳಿಗೆ 2,000 ಡಾಲರ್ ಅಂತಿಟ್ಟುಕೊಳ್ಳಿ. ಕೈಗೆ ಬರುವ ಸಂಬಳ ಅಲ್ಲ, ಕಡಿತಕ್ಕೆ ಮುಂಚಿನ ಪೂರ್ತಿ ಸಂಬಳ.

2,000ದಲ್ಲಿ ಮೊದಲು 20 ಕಳೆಯಿರಿ, ಆಮೇಲೆ 65 ಕಳೆಯಿರಿ. ಉಳಿದದ್ದು 1,915. ಅದರ ಅರ್ಧ 957.50. ಇದನ್ನು ಜೋಡಿಯ ಮೊತ್ತವಾದ 1,491ರಿಂದ ಕಳೆದರೆ 533.50. ಮದುವೆಯಾದ ಮೇಲೆ ನಿಮಗೆ ಬರುವುದು ಇಷ್ಟು. 994 ಇದ್ದದ್ದು 533.50ಕ್ಕೆ ಇಳಿಯಿತು. ಸಂಗಾತಿಯ ಸಂಬಳ ಸುಮಾರು 3,067 ಮುಟ್ಟಿದರೆ ನಿಮ್ಮ ಎಸ್‌ಎಸ್‌ಐ ಸೊನ್ನೆ. ಈ 20 ಮತ್ತು 65 ಡಾಲರ್ ವಿನಾಯಿತಿ 1974ರಿಂದ ಒಂದು ಡಾಲರ್ ಕೂಡ ಏರಿಲ್ಲ.

ಸಂಬಳದ ಬದಲು ಸಂಗಾತಿಗೆ ಎಸ್‌ಎಸ್‌ಡಿಐ ಬರುತ್ತಿದ್ದರೆ ಹೊಡೆತ ಇನ್ನೂ ಜಾಸ್ತಿ. ಯಾಕೆಂದರೆ ಅರ್ಧ ಬಿಡುವ ವಿನಾಯಿತಿ ಸಂಬಳಕ್ಕೆ ಮಾತ್ರ. ತಿಂಗಳಿಗೆ 1,200 ಬರುತ್ತಿದ್ದರೆ 20 ಕಳೆದು 1,180. ಅದನ್ನು 1,491ರಿಂದ ಕಳೆದರೆ ನಿಮಗೆ 311.

ಮನೆಯಲ್ಲಿ ಮಕ್ಕಳಿದ್ದರೆ ಸ್ವಲ್ಪ ಉಸಿರಾಡಬಹುದು. ಎಸ್‌ಎಸ್‌ಐ ಇಲ್ಲದ, ಸ್ವಂತ ಆದಾಯ ಇಲ್ಲದ ಪ್ರತಿ ಮಗುವಿಗೆ 497ನ್ನು ಸಂಗಾತಿಯ ಆದಾಯದಿಂದ ಮೊದಲೇ ತೆಗೆದಿಡುತ್ತಾರೆ. ಮೇಲಿನ 2,000 ಸಂಬಳದ ಮನೆಯಲ್ಲಿ ಒಂದು ಮಗು ಇದ್ದರೆ ಲೆಕ್ಕ 1,503ರಿಂದ ಶುರು. 85 ಕಳೆದು, ಅರ್ಧ ಮಾಡಿ, 1,491ರಿಂದ ಕಳೆದರೆ 782 ಬರುತ್ತದೆ. ಸಂಗಾತಿಯ ಆದಾಯ ತಿಂಗಳಿಗೆ 497 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಡೀಮಿಂಗ್ ಮಾಡುವುದೇ ಇಲ್ಲ. ಕೆಲವು ರಾಜ್ಯಗಳು ಎಸ್‌ಎಸ್‌ಐ ಮೇಲೆ ತಮ್ಮದೂ ಸ್ವಲ್ಪ ಸೇರಿಸಿ ಕೊಡುತ್ತವೆ. ಅದರಲ್ಲೂ ಜೋಡಿಗೆ ಬೇರೆ ದರ ಇರುತ್ತದೆ. ಅದನ್ನೂ ವಿಚಾರಿಸಿ.

ಹಂತ 4: ಮುಯ್ಯಿ, ಚಿನ್ನ, ಊರಿನ ಸೈಟು

ಎಸ್‌ಎಸ್‌ಐನಲ್ಲಿ ಆದಾಯದಷ್ಟೇ ಆಸ್ತಿಯದ್ದೂ ಕಾಟ. ಒಬ್ಬರಿಗೆ 2,000 ಡಾಲರ್ ಮಿತಿ, ಗಂಡ ಹೆಂಡತಿಗೆ ಸೇರಿ 3,000. ಸಂಗಾತಿಗೆ ಎಸ್‌ಎಸ್‌ಐ ಇರಲಿ ಇಲ್ಲದಿರಲಿ, ಒಟ್ಟಿಗೆ ಇದ್ದರೆ ಅವರ ಉಳಿತಾಯವೂ ಲೆಕ್ಕಕ್ಕೆ ಬರುತ್ತದೆ. 1989ರಿಂದ ಈ ಮಿತಿ ಬದಲಾಗಿಲ್ಲ. ಪ್ರತಿ ತಿಂಗಳ 1ನೇ ತಾರೀಕು ಶುರುವಾಗುವಾಗ ಎಷ್ಟಿದೆ ಅನ್ನುವುದೇ ಲೆಕ್ಕ. ವಾಸದ ಮನೆ, ಒಂದು ಕಾರು, ಮನೆ ಸಾಮಾನು ಇದರಲ್ಲಿ ಬರುವುದಿಲ್ಲ. ಎಸ್‌ಎಸ್‌ಐ ಇಲ್ಲದ ಸಂಗಾತಿಯ 401(ಕೆ), ಐಆರ್‌ಎ ತರಹದ ನಿವೃತ್ತಿ ಉಳಿತಾಯವನ್ನೂ ಎಣಿಸುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಹೆದರುತ್ತಾರೆ.

ನಮ್ಮ ಮದುವೆಗಳಲ್ಲಿ ಎಡವುವುದು ಬೇರೆ ಕಡೆ.

ಮುಯ್ಯಿ ಹಣ ನೋಡಿ. ಆರತಕ್ಷತೆಯಲ್ಲಿ ಕವರಿನಲ್ಲಿ ಬಂದ ನಗದು, ಚೆಕ್ಕು ಆ ತಿಂಗಳ ಆದಾಯ. ಮುಂದಿನ ತಿಂಗಳ 1ರವರೆಗೆ ಉಳಿದರೆ ಅದೇ ಆಸ್ತಿ. ಇದಕ್ಕೆ ಒಳ್ಳೆಯ ದಾರಿ ಏಬಲ್ ಖಾತೆ, ಅಂದರೆ ಅಂಗವೈಕಲ್ಯ ಇರುವವರಿಗೆಂದೇ ಇರುವ ಉಳಿತಾಯ ಖಾತೆ. ಅಂಗವೈಕಲ್ಯ 26 ವರ್ಷಕ್ಕೆ ಮೊದಲು ಶುರುವಾದವರಿಗೆ ಮಾತ್ರ ಇದ್ದ ಈ ಖಾತೆ, 2026ರ ಜನವರಿ 1ರಿಂದ 46 ವರ್ಷಕ್ಕೆ ಮೊದಲು ಶುರುವಾದವರಿಗೂ ಸಿಗುತ್ತದೆ. ಅದರಲ್ಲಿರುವ 1,00,000 ಡಾಲರ್‌ವರೆಗಿನ ಹಣವನ್ನು ಎಸ್‌ಎಸ್‌ಐ ಎಣಿಸುವುದಿಲ್ಲ. ಬೇರೆಯವರು ನೇರವಾಗಿ ಆ ಖಾತೆಗೆ ಹಾಕಿದ ಉಡುಗೊರೆ ನಿಮ್ಮ ಆದಾಯವೂ ಅಲ್ಲ. ವರ್ಷಕ್ಕೆ ಇಷ್ಟೇ ಹಾಕಬಹುದು ಅಂತ ಮಿತಿ ಇದೆ, ಅದನ್ನು ಆ ವರ್ಷಕ್ಕೆ ನೋಡಿಕೊಳ್ಳಿ. ನೆಂಟರಿಗೆ "ಕವರ್ ಬೇಡ, ಈ ಖಾತೆಗೆ ಹಾಕಿ" ಅಂತ ಹೇಳಲು ಮುಜುಗರ ಬೇಡ. ಪ್ರೀತಿಯಿಂದ ಕೊಡುವವರು ಅರ್ಥ ಮಾಡಿಕೊಳ್ಳುತ್ತಾರೆ.

ಮದುವೆ ಖರ್ಚು ಅಪ್ಪ ಅಮ್ಮ ಕೊಡುತ್ತಿದ್ದರೆ ಮಗಳ ಕೈಗೆ ಹಣ ಕೊಡಬೇಡಿ. ಹಾಲ್‌ನವರಿಗೆ, ಫೋಟೋದವರಿಗೆ ನೇರವಾಗಿ ಕಟ್ಟಿ. ಹಾಗೆ ಮಾಡಿದರೆ ಅದು ಮಗಳ ಆದಾಯ ಆಗುವುದಿಲ್ಲ.

ಚಿನ್ನದ ವಿಷಯಕ್ಕೆ ಬರೋಣ. ಮೈಮೇಲೆ ಹಾಕಿಕೊಳ್ಳುವ ಒಡವೆ, ಮದುವೆ ಉಂಗುರ, ಮನೆತನದಿಂದ ಬಂದ ಒಡವೆಗಳನ್ನು ಎಣಿಸುವುದಿಲ್ಲ. ತಾಳಿ, ಬಳೆ, ಅಜ್ಜಿಯ ಸರ ಎಲ್ಲ ಇದರಲ್ಲಿ ಬರುತ್ತದೆ. ಬೆಲೆ ಏರಲಿ ಅಂತ ಲಾಕರಿನಲ್ಲಿಟ್ಟ ಬಿಸ್ಕೆಟ್, ನಾಣ್ಯ ಮಾತ್ರ ಆಸ್ತಿ. ಇಂದಿನ ಬೆಲೆಯಲ್ಲಿ ಸಣ್ಣ ನಾಣ್ಯ ಕೆಲವು ಸೇರಿದರೂ 3,000 ದಾಟಿಬಿಡಬಹುದು. ಮದುಮಗಳಿಗೆ ಚಿನ್ನವೇ ಕೊಡಬೇಕು ಅನ್ನುವ ಸೋದರಮಾವನಿಗೆ ನಾಣ್ಯದ ಬದಲು ಓಲೆ ಮಾಡಿಸಿಕೊಡಲು ಹೇಳಿ.

ಊರಿನ ಸೈಟು, ಎಫ್‌ಡಿ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ನಿಮ್ಮ ಹೆಸರಲ್ಲಿ ಅಥವಾ ಸಂಗಾತಿಯ ಹೆಸರಲ್ಲಿ ಸೈಟು ಇದ್ದರೆ ಅದೂ ಆಸ್ತಿಯೇ. ಭಾರತದಲ್ಲಿದೆ, ಯಾರಿಗೆ ಗೊತ್ತಾಗುತ್ತೆ ಅನ್ನುವ ಮಾತಿಗೆ ಕಿವಿಗೊಡಬೇಡಿ. ಮದುವೆಗೆ ಮುಂಚೆ ತಮ್ಮನ ಹೆಸರಿಗೆ ಬರೆದುಕೊಟ್ಟುಬಿಡೋಣ ಅಂತಲೂ ಹೊರಡಬೇಡಿ. ಬೆಲೆಗಿಂತ ಕಡಿಮೆಗೆ ಆಸ್ತಿ ಕೊಟ್ಟುಬಿಟ್ಟರೆ 36 ತಿಂಗಳವರೆಗೆ ಎಸ್‌ಎಸ್‌ಐ ಸಿಗದಂತೆ ಮಾಡುವ ನಿಯಮ ಇದೆ. ಹಂಚಿಕೆಯಾಗದ ಪಿತ್ರಾರ್ಜಿತ ಆಸ್ತಿ ಇದ್ದರೆ ಎಸ್‌ಎಸ್‌ಐ ಬಲ್ಲ ವಕೀಲರನ್ನೇ ಕೇಳಿ.

ಜಂಟಿ ಖಾತೆ ತೆರೆಯುವ ಅವಸರವೂ ಬೇಡ. ಎಸ್‌ಎಸ್‌ಐ ಪಡೆಯುವವರ ಹೆಸರು ಇರುವ ಜಂಟಿ ಖಾತೆಯ ಹಣ ಪೂರ್ತಿ ಅವರದ್ದೇ ಅಂತ ಮೊದಲು ಎಣಿಸುತ್ತಾರೆ. ಅತ್ತೆ ಮಾವನ ಖಾತೆಗೆ ಸೊಸೆಯ ಹೆಸರು ಸೇರಿಸುವುದು ಒಳ್ಳೆ ಮನಸ್ಸಿನಿಂದಲೇ ಇರಬಹುದು. ಆದರೆ ಅಲ್ಲ ಅಂತ ಸಾಬೀತು ಮಾಡುವ ಹೊಣೆ ಅವಳ ಮೇಲೆ ಬೀಳುತ್ತದೆ.

ಹಂತ 5: ಅಪ್ಪ ಅಥವಾ ಅಮ್ಮನ ಖಾತೆಯಿಂದ ಬರುವ ಹಣ

ಇಲ್ಲಿ ನಿಧಾನವಾಗಿ ಓದಿ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಅಪಾಯದ ಜಾಗ ಇದೇ.

22 ವರ್ಷಕ್ಕೆ ಮೊದಲೇ ಅಂಗವೈಕಲ್ಯ ಶುರುವಾದ ಮಕ್ಕಳಿಗೆ, ತಂದೆ ಅಥವಾ ತಾಯಿ ನಿವೃತ್ತಿ ಭತ್ಯೆ ತೆಗೆದುಕೊಳ್ಳಲು ಶುರು ಮಾಡಿದಾಗ, ಅಂಗವೈಕಲ್ಯ ಭತ್ಯೆ ಪಡೆದಾಗ ಅಥವಾ ತೀರಿಹೋದಾಗ ಅವರ ಖಾತೆಯಿಂದ ಹಣ ಬರುತ್ತದೆ. ಇದನ್ನು ಡಿಎಸಿ ಅನ್ನುತ್ತಾರೆ, ಡಿಸೇಬಲ್ಡ್ ಅಡಲ್ಟ್ ಚೈಲ್ಡ್. ಮೊತ್ತ ಹೆತ್ತವರ ಪೂರ್ಣ ಭತ್ಯೆಯ 50% ವರೆಗೆ, ಅವರು ತೀರಿಹೋದ ಮೇಲೆ 75% ವರೆಗೆ. ಅಪ್ಪನ ಪೂರ್ಣ ಭತ್ಯೆ 2,800 ಇದ್ದರೆ ಮಗನಿಗೆ 1,400, ಅಪ್ಪನ ಕಾಲಾನಂತರ 2,100. ಜೊತೆಗೆ 24 ತಿಂಗಳಾದ ಮೇಲೆ ಮೆಡಿಕೇರ್. ಎಸ್‌ಎಸ್‌ಐಗಿಂತ ಎಷ್ಟೋ ಗಟ್ಟಿ ಆಸರೆ.

ಎಷ್ಟೋ ಮನೆಯಲ್ಲಿ ಈ ಹಣ ಶುರುವಾದದ್ದೇ ಗೊತ್ತಾಗಿರುವುದಿಲ್ಲ. ಮಗ ಚಿಕ್ಕವನಿದ್ದಾಗಿನಿಂದ ಎಸ್‌ಎಸ್‌ಐ ಬರುತ್ತಿರುತ್ತದೆ. ಅಪ್ಪ ನಿವೃತ್ತಿಯಾದ ಮೇಲೆ ಅದು ಡಿಎಸಿಗೆ ಬದಲಾಗಿರುತ್ತದೆ. ಮನೆಯವರು ಮಾತ್ರ "ಅದೇ ಡಿಸೆಬಿಲಿಟಿ, ಸ್ವಲ್ಪ ಜಾಸ್ತಿ ಮಾಡಿದ್ದಾರೆ" ಅಂದುಕೊಂಡಿರುತ್ತಾರೆ.

ಡಿಎಸಿ ಪಡೆಯುವವರು ಮದುವೆಯಾದರೆ ಈ ಹಣ ನಿಲ್ಲುತ್ತದೆ. ಕಡಿಮೆಯಾಗುವುದಲ್ಲ, ನಿಲ್ಲುತ್ತದೆ. ಸಂಗಾತಿಯ ಆದಾಯ ಎಷ್ಟು ಅನ್ನುವ ಪ್ರಶ್ನೆಯೇ ಇಲ್ಲ. ಈ ಖಾತೆಯ ಮೇಲಿನ ಮೆಡಿಕೇರ್ ಕೂಡ ಹೋಗುತ್ತದೆ. ಮುಂದೆ ವಿಚ್ಛೇದನ ಆದರೂ ತಿರುಗಿ ಸಿಗುವುದಿಲ್ಲ. ಆ ಮದುವೆ ಕಾನೂನಿನ ಪ್ರಕಾರ ಆಗಿಯೇ ಇಲ್ಲ ಅಂತ ಕೋರ್ಟು ರದ್ದು ಮಾಡಿದರೆ ಮಾತ್ರ ತಿರುಗಿ ಸಿಗುವ ದಾರಿ ಇದೆ.

ಒಂದು ಬಾಗಿಲು ಮಾತ್ರ ತೆರೆದಿದೆ. ನೀವು ಮದುವೆಯಾಗುವವರೂ ಸೋಶಿಯಲ್ ಸೆಕ್ಯುರಿಟಿ ಭತ್ಯೆ ಪಡೆಯುವವರಾಗಿದ್ದರೆ ಹಣ ನಿಲ್ಲುವುದಿಲ್ಲ. ಅವರಿಗೂ ಡಿಎಸಿ ಇರಬಹುದು, ಎಸ್‌ಎಸ್‌ಡಿಐ ಇರಬಹುದು, ನಿವೃತ್ತಿ ಭತ್ಯೆ ಇರಬಹುದು, ಸಂಗಾತಿ ತೀರಿಹೋದವರಿಗೆ ಬರುವ ಭತ್ಯೆ ಇರಬಹುದು. ಎಸ್‌ಎಸ್‌ಐ ಮಾತ್ರ ಈ ಪಟ್ಟಿಯಲ್ಲಿ ಇಲ್ಲ. ಅವರಿಗೆ ಬರೀ ಎಸ್‌ಎಸ್‌ಐ ಇದ್ದರೆ ನಿಮ್ಮ ಡಿಎಸಿ ಹೋಗುತ್ತದೆ. ಎರಡೂ ಹೆಸರು ಒಂದೇ ತರಹ ಕೇಳಿಸುವುದರಿಂದ ಇಲ್ಲೇ ಜನ ಮೋಸ ಹೋಗುವುದು. ಹಾಗಾಗಿ "ನಂಗೂ ಡಿಸೆಬಿಲಿಟಿ ಬರುತ್ತೆ" ಅನ್ನುವ ಮಾತು ಸಾಲದು. ಅವರ ಭತ್ಯೆಯ ದೃಢೀಕರಣ ಪತ್ರ ಕಣ್ಣಾರೆ ನೋಡಿ. ಎಸ್‌ಎಸ್‌ಡಿಐಗೆ ಅರ್ಜಿ ಹಾಕಿ ಕಾಯುತ್ತಿದ್ದಾರೆ ಅಂದರೆ ಮಂಜೂರಾಗುವವರೆಗೆ ದಿನ ಗೊತ್ತು ಮಾಡಬೇಡಿ.

ಕೆಲವರಿಗೆ ಸ್ವಂತ ದುಡಿಮೆಯ ಸಣ್ಣ ಎಸ್‌ಎಸ್‌ಡಿಐ ಮತ್ತು ಅದರ ಮೇಲೆ ಡಿಎಸಿ ಎರಡೂ ಸೇರಿ ಬರುತ್ತಿರುತ್ತದೆ. ಅವರಿಗೆ ಡಿಎಸಿ ಭಾಗ ಮಾತ್ರ ಹೋಗುತ್ತದೆ, ಸ್ವಂತದ್ದು ಉಳಿಯುತ್ತದೆ. ಬಿಪಿಕ್ಯೂವೈ ತರಿಸಿ ಅಂದದ್ದು ಇದಕ್ಕೇ.

ಈ ನಿಯಮ ತೆಗೆಯಬೇಕು ಅಂತ ಕ್ಯಾಲಿಫೋರ್ನಿಯಾದ ಸಂಸದ ಜಿಮ್ಮಿ ಪನೆಟ್ಟಾ 2022ರಲ್ಲಿ ಮಸೂದೆ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ. ನಿಮ್ಮ ಭಾಗದ ಸಂಸದರಿಗೆ ಒಂದು ಪತ್ರ ಬರೆಯಲು ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಸಂಗಾತಿ ತೀರಿಹೋದ ಮೇಲೆ, ಸ್ವತಃ ಅಂಗವೈಕಲ್ಯ ಇರುವವರಿಗೆ 50 ವರ್ಷದಿಂದ ಬರುವ ಭತ್ಯೆಯೂ ಒಂದಿದೆ. ಅಂಗವೈಕಲ್ಯ ಶುರುವಾದ ಮೇಲೆ, 50 ತುಂಬಿದ ನಂತರ ಮರುಮದುವೆಯಾದರೆ ಇದಕ್ಕೆ ತೊಂದರೆ ಇಲ್ಲ. 49ರಲ್ಲಿ ಆದರೆ, ಆ ಮದುವೆ ಇರುವಷ್ಟು ಕಾಲ ಸಿಗುವುದಿಲ್ಲ. ಆ ವಯಸ್ಸಿನ ಹತ್ತಿರ ಇದ್ದರೆ ಕೆಲವು ತಿಂಗಳು ಕಾಯುವುದು ಒಳ್ಳೆಯದು. ಸೈನ್ಯದಲ್ಲಿದ್ದವರಿಗೆ ಬರುವ ಅಂಗವೈಕಲ್ಯ ಪರಿಹಾರ ಇದಕ್ಕೆ ತದ್ವಿರುದ್ಧ. 30% ಅಥವಾ ಹೆಚ್ಚಿನ ಶ್ರೇಣಿ ಇದ್ದರೆ ಮದುವೆಯಿಂದ ಹಣ ಏರುತ್ತದೆ.

ಹಂತ 6: "ದೇವಸ್ಥಾನದಲ್ಲಿ ಮಾಡಿಬಿಡೋಣ, ರಿಜಿಸ್ಟರ್ ಬೇಡ"

ಈ ಸಲಹೆ ಕೊಡುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಇದನ್ನು ನಂಬಿ ಕಷ್ಟಕ್ಕೆ ಸಿಕ್ಕಿಕೊಳ್ಳಬೇಡಿ.

ಎಸ್‌ಎಸ್‌ಐಗೆ ಸರ್ಕಾರದಿಂದ ತೆಗೆಯುವ ಮದುವೆ ಲೈಸೆನ್ಸ್ ಮುಖ್ಯವೇ ಅಲ್ಲ. ಒಂದು ಗಂಡು ಹೆಣ್ಣು ಒಂದೇ ಮನೆಯಲ್ಲಿದ್ದು ನಾಲ್ಕು ಜನರ ಮುಂದೆ ಗಂಡ ಹೆಂಡತಿ ಅಂತ ನಡೆದುಕೊಂಡರೆ, ಮದುವೆಯಾದವರು ಅಂತಲೇ ಎಣಿಸುತ್ತಾರೆ. ಇದನ್ನು ಪತ್ತೆ ಮಾಡಲು ಎಸ್‌ಎಸ್‌ಎ-4178 ಅನ್ನುವ ಪ್ರಶ್ನಾವಳಿಯೇ ಇದೆ. ನೆರೆಹೊರೆಗೆ ಹೇಗೆ ಪರಿಚಯ ಮಾಡಿಕೊಳ್ಳುತ್ತೀರಿ, ಪತ್ರಗಳು ಯಾವ ಹೆಸರಿಗೆ ಬರುತ್ತವೆ ಅಂತೆಲ್ಲ ಕೇಳುತ್ತಾರೆ. ಮುನ್ನೂರು ಜನ ಅಕ್ಷತೆ ಹಾಕಿ, ಫೋಟೋ ಎಲ್ಲ ಕಡೆ ಹಂಚಿದ ಮೇಲೆ "ನಾವು ರೂಮ್‌ಮೇಟ್ಸ್" ಅಂತ ಬರೆದುಕೊಟ್ಟರೆ ಅದು ಸುಳ್ಳು ಹೇಳಿಕೆ. ಹಣ ವಾಪಸ್ ಕೇಳುವುದಷ್ಟೇ ಅಲ್ಲ, ಶಿಕ್ಷೆಯವರೆಗೂ ಹೋಗಬಹುದು.

ಡಿಎಸಿಗೆ ರಾಜ್ಯದ ಮದುವೆ ಕಾನೂನು ನೋಡುತ್ತಾರೆ. ಅಲ್ಲಿ ಕೂಡ ಗುಂಡಿಗಳಿವೆ. ಟೆಕ್ಸಾಸ್, ಕೊಲರಾಡೊ, ಅಯೋವ, ಕ್ಯಾನ್ಸಸ್ ತರಹದ ರಾಜ್ಯಗಳಲ್ಲಿ ಲೈಸೆನ್ಸ್ ಇಲ್ಲದೆಯೂ ಮದುವೆ ಆಗುತ್ತದೆ. ನಾವು ಗಂಡ ಹೆಂಡತಿ ಅಂತ ಒಪ್ಪಿಕೊಂಡು, ಒಟ್ಟಿಗೆ ಬಾಳುತ್ತಾ, ಹಾಗೇ ಹೇಳಿಕೊಂಡರೆ ಸಾಕು. ನ್ಯೂಯಾರ್ಕ್‌ನಲ್ಲಿ ಪುರೋಹಿತರು ವಿಧಿಪ್ರಕಾರ ಮಾಡಿಸಿದ ವಯಸ್ಕರ ಮದುವೆ, ಲೈಸೆನ್ಸ್ ತೆಗೆದಿಲ್ಲ ಅನ್ನುವ ಒಂದೇ ಕಾರಣಕ್ಕೆ ಅಸಿಂಧು ಆಗುವುದಿಲ್ಲ. ಕರ್ನಾಟಕಕ್ಕೆ ಬಂದು ಮಾಡಿಕೊಂಡರೋ, 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಸಪ್ತಪದಿಯ ಏಳನೇ ಹೆಜ್ಜೆ ಮುಗಿದರೆ ಮದುವೆ ಮುಗಿದಂತೆ. ನೋಂದಣಿ ಇಲ್ಲದಿದ್ದರೂ ಅದು ಮದುವೆಯೇ.

ಹಾಗಾದರೆ ಡಿಎಸಿ ಇರುವ ಜೋಡಿ ಕೂಡಿ ಬಾಳಲೇಬಾರದಾ? ಬಾಳಬಹುದು. ಎಸ್‌ಎಸ್‌ಐ ಇಲ್ಲದೆ ಡಿಎಸಿ ಮಾತ್ರ ಇದ್ದರೆ, ಲೈಸೆನ್ಸ್ ಇಲ್ಲದ ಮದುವೆಯನ್ನು ಒಪ್ಪದ ರಾಜ್ಯದಲ್ಲಿ, ಕಾನೂನಿನ ಮದುವೆ ಇಲ್ಲದೆ ಜೊತೆಯಾಗಿ ಇರುವುದು ತಪ್ಪಲ್ಲ. ಕೆಲವರು ಹಿರಿಯರ ಆಶೀರ್ವಾದ ತೆಗೆದುಕೊಂಡು ಹಾಗೇ ಇದ್ದಾರೆ. ಆದರೆ ಸಮಾರಂಭ ಹೇಗೆ ನಡೆಸುತ್ತೀರಿ ಅನ್ನುವುದನ್ನು ಮೊದಲೇ ಆ ರಾಜ್ಯದ ವಕೀಲರಿಗೆ ತೋರಿಸಿ. ಸಂಗಾತಿಗೆ ಆಸ್ಪತ್ರೆಯಲ್ಲಿ ನಿರ್ಧಾರ ತೆಗೆದುಕೊಳ್ಳುವ ಅಧಿಕಾರ ಪತ್ರ, ಉಯಿಲು ಎರಡನ್ನೂ ಅವರ ಹತ್ತಿರವೇ ಬರೆಸಿಕೊಳ್ಳಿ.

ಹಂತ 7: ದಿನ ಗೊತ್ತು ಮಾಡುವುದು, ಊರಿಗೆ ಹೋಗುವುದು

ಎಸ್‌ಎಸ್‌ಐ ಬದಲಾವಣೆ ಸಾಮಾನ್ಯವಾಗಿ ಮದುವೆಯಾದ ಮುಂದಿನ ತಿಂಗಳಿಂದ. ಡಿಎಸಿ ಮಾತ್ರ ಮದುವೆಯಾದ ತಿಂಗಳೇ ಇಲ್ಲ. ಅಂದರೆ ಮೇ 30ರ ಬದಲು ಜೂನ್ 2ಕ್ಕೆ ಮುಹೂರ್ತ ಸಿಕ್ಕರೆ ಎರಡರಲ್ಲೂ ಒಂದು ತಿಂಗಳ ಹಣ ಉಳಿಯುತ್ತದೆ. ಪುರೋಹಿತರಿಗೆ ತಿಂಗಳ ಮೊದಲ ವಾರದಲ್ಲಿ ನೋಡಿ ಅಂತ ಹೇಳಿದರೆ ಆಯಿತು.

ಮದುವೆಗೆ ಊರಿಗೆ ಹೋಗುವ ಎಸ್‌ಎಸ್‌ಐನವರು ಟಿಕೆಟ್ ತಾರೀಕು ಎರಡು ಸಲ ನೋಡಿ. ಅಮೆರಿಕದಿಂದ 30 ದಿನ ಸತತವಾಗಿ ಹೊರಗಿದ್ದರೆ ಎಸ್‌ಎಸ್‌ಐ ನಿಲ್ಲುತ್ತದೆ. ವಾಪಸ್ ಬಂದು 30 ದಿನ ಸತತವಾಗಿ ಇಲ್ಲೇ ಇದ್ದ ಮೇಲೆ ಮತ್ತೆ ಶುರು. ಮದುವೆ, ಬೀಗರ ಊಟ, ಮನೆದೇವರು, ಧರ್ಮಸ್ಥಳ, ತಿರುಪತಿ ಅಂತ ದಿನ ಓಡುವುದೇ ಗೊತ್ತಾಗುವುದಿಲ್ಲ. 25 ದಿನದೊಳಗೆ ಮುಗಿಸುವ ಹಾಗೆ ಇಟ್ಟುಕೊಳ್ಳಿ. ಹೋಗುವ ಮೊದಲು ಕಚೇರಿಗೂ ತಿಳಿಸಿ.

ಹೆಂಡತಿ ಅಥವಾ ಗಂಡ ವೀಸಾಕ್ಕೆ ಕಾಯುತ್ತಾ ಊರಿನಲ್ಲೇ ಇದ್ದರೆ ಡೀಮಿಂಗ್ ಇಲ್ಲ. ಒಂದೇ ಮನೆಯಲ್ಲಿ ವಾಸ ಶುರುವಾದ ಮೇಲೆ ಅದು ಶುರು. ಮದುವೆಯಾದದ್ದನ್ನು ಮಾತ್ರ ಆಗಲೇ ತಿಳಿಸಬೇಕು.

ಗ್ರೀನ್ ಕಾರ್ಡ್ ಇರುವವರಿಗೆ ಮದುವೆಯಿಂದ ಒಂದು ಲಾಭವೂ ಇದೆ. ಅವರಿಗೆ ಎಸ್‌ಎಸ್‌ಐ ಸಿಗಬೇಕಾದರೆ ಸಾಮಾನ್ಯವಾಗಿ 40 ತ್ರೈಮಾಸಿಕಗಳ ದುಡಿಮೆ ಬೇಕು. 1996ರ ಆಗಸ್ಟ್ 22ರ ನಂತರ ಬಂದವರು ಮೊದಲ ಐದು ವರ್ಷ ಕಾಯಬೇಕು ಕೂಡ. ಮದುವೆಯಾಗಿದ್ದ ಕಾಲದಲ್ಲಿ ಸಂಗಾತಿ ದುಡಿದ ತ್ರೈಮಾಸಿಕಗಳನ್ನೂ ಇದಕ್ಕೆ ಸೇರಿಸಿಕೊಳ್ಳುತ್ತಾರೆ. ವಿಚ್ಛೇದನವಾದರೆ ಆ ಲೆಕ್ಕ ಕೈ ತಪ್ಪುತ್ತದೆ.

ಹಂತ 8: ಆಸ್ಪತ್ರೆ ಖರ್ಚು

ಎಷ್ಟೋ ಮನೆಗೆ ತಿಂಗಳ ಹಣಕ್ಕಿಂತ ದೊಡ್ಡದು ಮೆಡಿಕೇಡ್, ಅಂದರೆ ಆದಾಯ ಕಡಿಮೆ ಇರುವವರಿಗೆ ರಾಜ್ಯದ ಮೂಲಕ ಸಿಗುವ ಆರೋಗ್ಯ ಸೌಲಭ್ಯ. ಗಾಲಿಕುರ್ಚಿ, ಮನೆಗೆ ಬಂದು ಸ್ನಾನ ಮಾಡಿಸುವ ಸಹಾಯಕಿ, ರಾತ್ರಿ ಉಸಿರಾಟದ ಯಂತ್ರ ಎಲ್ಲ ಅದರಿಂದಲೇ ನಡೆಯುತ್ತಿರುತ್ತದೆ. ಸಂಗಾತಿಯ ಕಂಪನಿಯ ವಿಮೆ ಇದೆಯಲ್ಲ ಅಂದುಕೊಳ್ಳಬೇಡಿ. ದಿನನಿತ್ಯದ ಆರೈಕೆಯ ಸಹಾಯಕರ ಖರ್ಚನ್ನು ಅಂಥ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ಬಹುತೇಕ ರಾಜ್ಯಗಳಲ್ಲಿ ಎಸ್‌ಎಸ್‌ಐ ಒಂದೇ ಒಂದು ಡಾಲರ್ ಬರುತ್ತಿದ್ದರೂ ಮೆಡಿಕೇಡ್ ಸಿಗುತ್ತದೆ. ಸೊನ್ನೆಯಾದರೆ ಬೇರೆ ಬಾಗಿಲು ಹುಡುಕಬೇಕು. ನಿಮ್ಮ ರಾಜ್ಯದ ಮೆಡಿಕೇಡ್ ಕಚೇರಿಗೆ ಎರಡು ಪ್ರಶ್ನೆ ಬರಹದಲ್ಲಿ ಕೇಳಿ. ಮದುವೆಯಾದ ಮೇಲೆ ನಾನು ಯಾವ ವರ್ಗದಲ್ಲಿ ಬರುತ್ತೇನೆ? ಮನೆ ಆರೈಕೆಯ ವೇವರ್‌ನಲ್ಲಿ (ಮನೆಯಲ್ಲೇ ಆರೈಕೆ ಕೊಡುವ ಮೆಡಿಕೇಡ್‌ನ ವಿಶೇಷ ಯೋಜನೆ) ಸಂಗಾತಿಯ ಆದಾಯ ಎಣಿಸುತ್ತೀರಾ? ಉತ್ತರವೂ ಬರಹದಲ್ಲೇ ಬೇಕು.

ಹಂತ 9: ತಿಳಿಸುವುದು, ರಸೀದಿ ಇಟ್ಟುಕೊಳ್ಳುವುದು

ಮದುವೆಯಾದ ತಿಂಗಳು ಮುಗಿದು 10 ದಿನದೊಳಗೆ ಎಸ್‌ಎಸ್‌ಐ ಇರುವವರು ತಿಳಿಸಬೇಕು. ನೀವು ಅಷ್ಟೂ ದಿನ ಕಾಯಬೇಡಿ. ಮದುವೆ ಪ್ರಮಾಣಪತ್ರ, ಇಬ್ಬರ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಸಂಗಾತಿಯ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ಫೈಲಿನಲ್ಲಿ ಹಾಕಿಕೊಂಡು ಹೋಗಿ. ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆಯಿರಿ. ಫೋನಿನಲ್ಲಿ ಹೇಳಿದ್ದರೆ ತಾರೀಕು, ಸಮಯ, ಮಾತಾಡಿದವರ ಹೆಸರು ಒಂದು ಪುಸ್ತಕದಲ್ಲಿ ಬರೆದಿಡಿ.

ತಿಳಿಸಿದ ಮೇಲೂ ಹಳೇ ಮೊತ್ತವೇ ಕೆಲವು ತಿಂಗಳು ಬರಬಹುದು. ಆ ಹೆಚ್ಚಿನ ಹಣ ಖರ್ಚು ಮಾಡಬೇಡಿ, ಮುಂದೆ ಕೇಳುತ್ತಾರೆ. ಅದನ್ನು ಖಾತೆಯಲ್ಲೇ ಬಿಟ್ಟರೆ ಆಸ್ತಿ ಮಿತಿ ದಾಟುವ ಭಯವೂ ಇರುತ್ತದೆ. ಹಾಗಾಗಿ ಹೆಚ್ಚು ಬಂದಿದೆ ಅಂತ ಕಚೇರಿಗೆ ಕೂಡಲೇ ಬರೆದು, ವಾಪಸ್ ಕಟ್ಟುವ ದಾರಿ ಕೇಳಿ.

ವಾಪಸ್ ಕಟ್ಟಿ ಅನ್ನುವ ಕಾಗದ ಬಂದರೆ ಎರಡು ದಾರಿಗಳಿವೆ. ಲೆಕ್ಕವೇ ತಪ್ಪು ಅನಿಸಿದರೆ 60 ದಿನದೊಳಗೆ ಎಸ್‌ಎಸ್‌ಎ-561 ಫಾರ್ಮಿನಲ್ಲಿ ಮರುಪರಿಶೀಲನೆ ಕೇಳಿ. ಲೆಕ್ಕ ಸರಿ ಇದೆ, ಆದರೆ ತಪ್ಪು ನಮ್ಮದಲ್ಲ, ಕಟ್ಟುವ ಶಕ್ತಿಯೂ ಇಲ್ಲ ಅಂದರೆ ಎಸ್‌ಎಸ್‌ಎ-632 ಫಾರ್ಮಿನಲ್ಲಿ ಮನ್ನಾ ಕೇಳಿ. ಇದಕ್ಕೆ ಕೊನೆಯ ದಿನ ಅಂತ ಇಲ್ಲ. ಆದರೂ ಕಾಗದ ಬಂದ 30 ದಿನದೊಳಗೆ ಕೊಟ್ಟರೆ ತೀರ್ಮಾನ ಆಗುವವರೆಗೆ ಹಣ ಮುರಿದುಕೊಳ್ಳುವುದಿಲ್ಲ.

ಆ ತಾಯಿ ಮೊದಲು ಫೋನ್ ಮಾಡಿದ ದಿನ ಕ್ಯಾಲೆಂಡರಿನ ಮೇಲೆ "ಎಸ್‌ಎಸ್ ಆಫೀಸ್, ತೊಂದ್ರೆ ಇಲ್ಲ ಅಂದ್ರು" ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಮನ್ನಾ ಅರ್ಜಿಯ ಜೊತೆ ಆ ಕ್ಯಾಲೆಂಡರ್ ಹಾಳೆಯ ಪ್ರತಿಯನ್ನೂ ಲಗತ್ತಿಸಿದೆವು. ಐದು ತಿಂಗಳ ಹಣ ಮನ್ನಾ ಆಯಿತು. ಮಗಳ ಡಿಎಸಿ ಮಾತ್ರ ತಿರುಗಿ ಬರಲಿಲ್ಲ.